ಸಮುದ್ರದ ದಂಡೆಗೆ ಚೆಲ್ಲಿದ ಚರಗ

ಆಸ್ಟ್ರೇಲಿಯಾದಿಂದ ತಿರುಗಿ ಬಂದಾಗಿನಿಂದ ಊರಲ್ಲಿ ನನ್ನನ್ನು ಕೇಳದವರಿಲ್ಲ. ಗುಡಗೇರಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತವರು ಕೂಡ "ಅಕ್ಕೋರ, ಅಲ್ಲೆ ಏನೇನ್ ನೋಡಿ ಬಂದ್ರಿ?" ಅನ್ನುತ್ತಾರೆ. ನಾನು ಮೊಬೈಲು ತೆಗೆದು ದೀಪಸ್ತಂಭದ ಫೋಟೋ ತೋರಿಸುತ್ತೇನೆ. ಕಾಂಗರೂ ರಸ್ತೆಗೆ ಅಡ್ಡ ನಿಂತಿದ್ದನ್ನು ಹೇಳುತ್ತೇನೆ. ಅಷ್ಟರಲ್ಲಿ ಯಾರಾದರೂ "ಹಕ್ಕಿ ಕಾಯಾಕ ಹೋಗ್ತಿದ್ರಂತಲ್ರಿ?" ಅಂದರೆ ಬದನೆಕಾಯಿಯ ದರ ವಿಚಾರಿಸತೊಡಗುತ್ತೇನೆ.

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು ನಾನು, ಕೊನೆಯ ಎಂಟು ವರ್ಷ ಮುಖ್ಯೋಪಾಧ್ಯಾಯಿನಿ. "ತಪ್ಪು ಮಾಡಿದರೆ ಎದ್ದು ನಿಂತು ಒಪ್ಪಿಕೊಳ್ಳಬೇಕು" ಎಂದು ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಈಗ ನನ್ನ ಸರದಿ. ನಿಂತು ಹೇಳುವ ಧೈರ್ಯವಿಲ್ಲ, ಕೂತು ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಎಲೆಗಳು

ನಾನು ಹೋದದ್ದು ಬಾಣಂತನಕ್ಕೆ. ನನ್ನ ತಂಗಿಯ ಮಗಳು ಸವಿತಾ ಅಲ್ಲಿಯ ಸಣ್ಣದೊಂದು ಕಡಲ ತೀರದ ಊರಿನ ಆಸ್ಪತ್ರೆಯಲ್ಲಿ ನರ್ಸು. ತಂಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಹಾಗಾಗಿ ದೊಡ್ಡವ್ವನಾದ ನಾನೇ ಹೋಗಬೇಕಾಯಿತು. ಹೆರಿಗೆಗೆ ಇನ್ನೂ ಎರಡು ತಿಂಗಳು ಇರುವಾಗಲೇ ಹೋಗಿ ಇಳಿದೆ.

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು. ನಮ್ಮ ಓಣಿಯಲ್ಲಿ ಎಂಟು ಗಂಟೆಯಾದರೂ ಬಾಗಿಲು ತೆರೆಯದಿದ್ದರೆ ನಾಲ್ಕು ಮಂದಿ ಬಂದು ಏನಾಯಿತೆಂದು ಕೇಳುತ್ತಾರೆ. ಅಲ್ಲಿ ಇಡೀ ದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರೂ ಒಂದು ನಾಯಿ ಬಂದು ಮೂಸುವುದಿಲ್ಲ. ನಾಲ್ಕನೆಯ ದಿನ ತಡೆಯಲಾಗಲಿಲ್ಲ, ಕಸಬರಿಗೆ ಹಿಡಿದೆ. ನಮ್ಮ ಅಂಗಳ ಮುಗಿಯಿತು. ಬೇಲಿ ಇಲ್ಲದ ಪಕ್ಕದ ಮನೆಯ ಅಂಗಳದಲ್ಲಿ ಒಣ ಎಲೆ ರಾಶಿ ಬಿದ್ದಿತ್ತು. ಮುದುಕಿಯ ಮನೆ, ಕೈಲಾಗದೆ ಬಿಟ್ಟಿರಬೇಕು ಎಂದು ಅದನ್ನೂ ಗುಡಿಸಿ ಮೂಲೆಗೆ ಹಾಕಿದೆ.

ಆ ಮುದುಕಿಯೇ ಜೋನ್. ಎಪ್ಪತ್ತನಾಲ್ಕು ವರ್ಷ, ಎತ್ತರದ ಮೈಕಟ್ಟು, ತಲೆಗೆ ಸದಾ ಒಂದು ಹಳೆಯ ಟೋಪಿ. ಆ ಎಲೆಗಳನ್ನು ಅವಳು ಬೇಕೆಂದೇ ಬಿಟ್ಟಿದ್ದಳಂತೆ, ಅಡಿಯಲ್ಲಿ ಹಲ್ಲಿ ಹುಳ ಹುಪ್ಪಡಿ ಇರಲಿ ಎಂದು. ಸಿಟ್ಟು ಮಾಡಲಿಲ್ಲ. ನನ್ನ ಮುಖ ನೋಡಿ ನಕ್ಕು, ಸುಮ್ಮನೆ ಕೂಡಲಾರದ ಕೈಗಳಿಗೆ ನಮ್ಮಲ್ಲಿ ಕೆಲಸವಿದೆ, ನಾಳೆ ಬಾ ಅಂದಳು. ನಮ್ಮ ಸವಿತಾ ಸಂಜೆ ಬಂದು ಕೇಳಿ ತಲೆ ಚಚ್ಚಿಕೊಂಡಳು.

"ದೊಡ್ಡವ್ವ, ಇಲ್ಲೆ ಯಾರರ ಅಂಗಳಕ್ಕ ಹಂಗ ಕಾಲ್ ಇಡಂಗಿಲ್ಲ ಬೇ!"

"ಕಾಲಲ್ಲ, ಕಸಬರಿಗಿ ಇಟ್ಟೀನಿ" ಅಂದೆ.

ತೋಟ

ಜೋನ್ ಕರೆದುಕೊಂಡು ಹೋದದ್ದು ಸಮುದ್ರದ ಮೇಲಿನ ದಿನ್ನೆಯ ಒಂದು ತೋಟಕ್ಕೆ. ತೋಟವೆಂದರೆ ಗುಲಾಬಿ, ಹುಲ್ಲುಹಾಸು ಎಂದುಕೊಂಡಿದ್ದೆ. ನೋಡಿದರೆ ಬೂದಿ ಬಣ್ಣದ ಕುರುಚಲು ಗಿಡಗಳು. ನಮ್ಮ ಮಿಶ್ರಿಕೋಟಿ ದಾರಿಯ ಬದಿಯಲ್ಲಿ ಇದಕ್ಕಿಂತ ಚೆಲುವಾದ ಕಂಟಿಗಳಿವೆ. ಆದರೆ ಇವೇ ಆ ನೆಲದ ಮೂಲದ ಗಿಡಗಳಂತೆ, ಮರಳನ್ನು ಹಿಡಿದು ನಿಲ್ಲಿಸುವವು. ಹೊರಗಿನಿಂದ ಬಂದ ಕಳೆ ಅವನ್ನು ನುಂಗುತ್ತಿತ್ತು. ವಾರಕ್ಕೆರಡು ದಿನ ಹತ್ತು ಹನ್ನೆರಡು ಜನ ಬಂದು ಅದನ್ನು ಕೀಳುತ್ತಿದ್ದರು. ಎಲ್ಲರೂ ಅರವತ್ತು ದಾಟಿದವರು, ಮೊಣಕಾಲಡಿಗೆ ಮೆತ್ತನೆಯ ದಿಂಬು ಇಟ್ಟುಕೊಂಡು ಒಂದೊಂದೇ ಗಿಡ ತೆಗೆಯುವವರು. ನಾನು ಸೀರೆ ಎತ್ತಿ ಸಿಗಿಸಿ ಕುಕ್ಕರುಗಾಲಲ್ಲಿ ಕೂತೆ. ಶೇಂಗಾ ಹೊಲದಲ್ಲಿ ಕಸ ತೆಗೆದು ಬೆಳೆದ ಕೈ ನನ್ನದು. ಅವರು ಒಂದು ಸಾಲು ಮುಗಿಸುವುದರಲ್ಲಿ ಮೂರು ಸಾಲು ಮುಗಿಸಿದೆ. ಕೆಲಸ ನಿಲ್ಲಿಸಿ ಎಲ್ಲರೂ ನೋಡಿದರು, ಒಬ್ಬರು ಚಪ್ಪಾಳೆ ತಟ್ಟಿದರು. ನಾನು ಉಬ್ಬಿದ್ದು ನಿಜ. ಆ ಉಬ್ಬು ಆಮೇಲೆ ಇಳಿಯಲೇ ಇಲ್ಲ, ಅದೇ ತೊಂದರೆಯಾಯಿತು.

ನಮ್ಮಲ್ಲೂ ಶ್ರಮದಾನವಿದೆ. ಬ್ಯಾನರು, ಫೋಟೋ, ಚುರುಮುರಿ, ಮಿರ್ಚಿ ಭಜಿ, ಚಹಾ. ನನ್ನ ಶಾಲೆಯಲ್ಲೇ ಪ್ರತಿ ವರ್ಷ ಪರಿಸರ ದಿನಾಚರಣೆಗೆ ಬೇವಿನ ಸಸಿ ನೆಡುತ್ತಿದ್ದೆವು, ಪ್ರತಿ ವರ್ಷ ಅದೇ ತಗ್ಗಿನಲ್ಲಿ. ಹೋದ ವರ್ಷದ್ದು ಏನಾಯಿತೆಂದು ಯಾರೂ ಕೇಳುತ್ತಿರಲಿಲ್ಲ, ಮುಖ್ಯೋಪಾಧ್ಯಾಯಿನಿಯೂ ಕೇಳುತ್ತಿರಲಿಲ್ಲ. ಇವರಲ್ಲಿ ಬ್ಯಾನರಿಲ್ಲ. ಒಂದು ಮರದ ಶೆಡ್ಡು, ಅದರಲ್ಲಿ ಒಂದು ದಪ್ಪ ನೋಟುಬುಕ್ಕು. ಯಾರು ಬಂದರು, ಏನು ಮಾಡಿದರು, ಯಾವ ಗಿಡ ಸತ್ತಿತು, ಯಾಕೆ ಸತ್ತಿತು, ಎಲ್ಲವನ್ನೂ ಜೋನ್ ಅದರಲ್ಲಿ ಬರೆಯುತ್ತಿದ್ದಳು. ಸತ್ತ ಗಿಡದ ಹೆಸರನ್ನೂ ಬರೆದಿಡುವುದು ನನಗೆ ಮೊದಲು ವಿಚಿತ್ರವೆನಿಸಿತು.

ದೀಪಸ್ತಂಭದ ಮನೆ

ಬುಧವಾರಗಳಂದು ದೀಪಸ್ತಂಭ ಕಾಯುತ್ತಿದ್ದವರ ಹಳೆಯ ಮನೆಯಲ್ಲಿ ಕೆಲಸ. ಅಂಥ ಹಳೆಯ ಮನೆಯೇನಲ್ಲ, ನಮ್ಮ ಅಣ್ಣಿಗೇರಿ ಗುಡಿಗೆ ಹೋಲಿಸಿದರೆ ನಿನ್ನೆ ಮೊನ್ನೆ ಕಟ್ಟಿದ್ದು. ಆದರೂ ಅದರ ಹಿತ್ತಾಳೆಯ ಬಾಗಿಲ ಹಿಡಿಗಳನ್ನು ಉಜ್ಜಿ ಉಜ್ಜಿ ಇಡುತ್ತಿದ್ದರು. ನಾನು ಹುಣಸೆಹಣ್ಣು ಉಪ್ಪು ತಂದು ತಿಕ್ಕಿ ತೋರಿಸಿದೆ. ಥಳಥಳ ಹೊಳೆಯಿತು. ಮತ್ತೆ ಹೊಗಳಿಕೆ. ಅಣ್ಣಿಗೇರಿಗೆ ಶಾಲೆಯ ಟ್ರಿಪ್ಪು ಕರೆದುಕೊಂಡು ಹೋದಾಗ ಅಲ್ಲಿಯ ಕಂಬಗಳ ಮೇಲೆ ಯಾರ‍್ಯಾರೋ ಕೆತ್ತಿದ ಹೆಸರುಗಳನ್ನು ನೋಡಿ ನಾಲ್ಕು ಮಾತು ಬೈದು, ಆಮೇಲೆ ಅದೇ ಕಂಬಕ್ಕೆ ಒರಗಿ ಬುತ್ತಿ ಬಿಚ್ಚಿದ್ದೆ. ಅದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಸಾವಿರ ವರ್ಷದ ಗುಡಿಗಳಿವೆ ಎಂದಷ್ಟೇ ಹೇಳಿದೆ.

ಹಗ್ಗದ ಈಚೆ

ದಿನ್ನೆಯ ಕೆಳಗೆ ಮರಳ ದಂಡೆ. ಅಲ್ಲೊಂದು ಕಡೆ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಹಗ್ಗದೊಳಗೆ ಒಂದು ಜೋಡಿ ಹಕ್ಕಿ. ನಮ್ಮ ಕೆರೆ ದಂಡೆಯ ಟಿಟ್ಟಿಭದ ಜಾತಿಯವೇ, ಆದರೆ ಬಹಳ ಸಣ್ಣವು. ತಲೆ ಪೂರ್ತಿ ಕಪ್ಪು, ಕಣ್ಣಿನ ಸುತ್ತ ಕೆಂಪು ಉಂಗುರ. ಗೂಡು ಕಟ್ಟುವ ಗೋಜೇ ಇಲ್ಲ, ಬರಿಯ ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಜನರ ಕಾಲು, ನಾಯಿಯ ಬಾಯಿ, ನರಿ, ಕಾಗೆ, ಕಡಲಹಕ್ಕಿ, ಇಷ್ಟೂ ದಾಟಿ ಮರಿ ಉಳಿಯಬೇಕು. ಎಷ್ಟೋ ವರ್ಷಗಳಿಂದ ಆ ದಂಡೆಯಲ್ಲಿ ಒಂದು ಮರಿಯೂ ರೆಕ್ಕೆ ಬಲಿತು ಹಾರಿರಲಿಲ್ಲ. ಈ ಸಲ ಎರಡು ಮರಿ ಹೊರಬಿದ್ದಿದ್ದವು. ಐದು ವಾರ ಕಾದರೆ ಹಾರುತ್ತವೆ ಎಂದು ಜೋನ್ ಬೆರಳು ಮಡಚಿ ಎಣಿಸುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅದನ್ನು ಅವಳು ಹೇಳಿದ್ದಲ್ಲ, ಸವಿತಾ ಹೇಳಿದ್ದು.

ಬೆಳಗಿನಿಂದ ಸಂಜೆಯವರೆಗೆ ಎರಡೆರಡು ತಾಸಿನ ಪಾಳಿ. ದೂರದಲ್ಲಿ ಕುರ್ಚಿ ಹಾಕಿ ಕೂತು, ಬಂದವರಿಗೆ ಸಮಾಧಾನದಿಂದ ಹೇಳಿ ದಾರಿ ಬದಲಿಸುವುದು. ನಿಯಮ ನಾಲ್ಕೇ. ಹಗ್ಗ ದಾಟಬಾರದು, ಓಡಬಾರದು, ನಾಯಿ ಬಿಡಬಾರದು, ತಿನ್ನುವ ಪದಾರ್ಥದ ಒಂದು ತುಣುಕೂ ಬೀಳಿಸಬಾರದು. ಆಹಾರದ ವಾಸನೆಗೆ ಕಾಗೆ ನರಿ ಬರುತ್ತವೆ ಎಂದು ಜೋನ್ ಬಿಡಿಸಿ ಹೇಳಿದಳು. ನನ್ನ ಇಂಗ್ಲಿಷು ಹರಕು ಮುರಕಾದರೂ ಅದು ಪೂರ್ತಿ ತಿಳಿಯಿತು. ಭಾಷೆಯ ಮೇಲೆ ತಪ್ಪು ಹಾಕಿ ನಾನು ಪಾರಾಗುವಂತಿಲ್ಲ.

ಹತ್ತಿರದಲ್ಲೇ ಸಮುದ್ರದೊಳಕ್ಕೆ ಚಾಚಿದ ಹಳೆಯ ಮರದ ಧಕ್ಕೆ. ಅದರ ತುದಿಯಲ್ಲಿ ಬಿಲ್ ಎಂಬ ಮುದುಕ ದಿನವಿಡೀ ಗಾಳ ಹಾಕಿ ಕೂತಿರುತ್ತಿದ್ದ. ಉಳಿದ ಬ್ರೆಡ್ಡನ್ನು ಕಡಲಹಕ್ಕಿಗಳಿಗೆ ಎಸೆಯುತ್ತಿದ್ದನೆಂದು ಜೋನ್‌ಗೂ ಅವನಿಗೂ ವರ್ಷಗಳಿಂದ ಜಗಳ.

ಎಳ್ಳ ಅಮಾವಾಸ್ಯೆ

ಡಿಸೆಂಬರ್ ಕೊನೆಗೆ ಊರಿಂದ ನಮ್ಮ ಮನೆಯವರ ಫೋನು ಬಂತು.

"ನಾಳೆ ಚರಗ ಐತಿ. ಈ ಸಲ ಹೊಲಕ್ಕ ನೀ ಇಲ್ಲ ನೋಡು" ಅಂದರು.

"ಅಡಗಿ ಯಾರ್ ಮಾಡ್ತಾರ್ರಿ?"

"ನಿನ್ನ ನೆಗೆಣ್ಣಿ ಮಾಡ್ತಾಳ. ಕಡಬು ನಿನ್ನಂಗ ಆಗಂಗಿಲ್ಲ ಬಿಡು."

ನಮ್ಮ ಕಡೆಯವರಿಗೆ ಚರಗವೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಜೋಳ, ಕಡಲೆ, ಕುಸುಬಿ ನಿಂತ ಹೊಲ ನಮಗೆ ತುಂಬಿದ ಬಸುರಿ. ಅವಳ ಬಯಕೆಗೆಂದು ಕಡಬು, ಹೋಳಿಗೆ, ಸಜ್ಜಿ ರೊಟ್ಟಿ, ಪಲ್ಯ, ಅನ್ನ ಮಾಡಿ ಬುಟ್ಟಿಯಲ್ಲಿ ಹೊತ್ತು ಹೋಗಿ, ಪೂಜೆ ಮಾಡಿ, ಹೊಲದ ಸುತ್ತ ಚೆಲ್ಲುತ್ತೇವೆ. ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ ನಾನು. ಫೋನಿಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ಮನೆಯಲ್ಲಿ ಸವಿತಾ ದಿನ ತುಂಬಿದ ಬಸುರಿ, ದಂಡೆಯಲ್ಲಿ ಎರಡು ಮರಿ. ಹೊಲವಿಲ್ಲದಿದ್ದರೇನಾಯಿತು, ಭೂಮಿತಾಯಿ ಅಲ್ಲೂ ಅವಳೇ ಅಲ್ಲವೇ ಅಂದುಕೊಂಡೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಡಬು, ಶೇಂಗಾ ಹೋಳಿಗೆ, ರೊಟ್ಟಿ, ಕಾಳು ಪಲ್ಯ, ಮೊಸರನ್ನ ಮಾಡಿ ಡಬ್ಬಿ ತುಂಬಿದೆ.

ಅವತ್ತು ಜೋನ್‌ಗೆ ಡಾಕ್ಟರ ಹತ್ತಿರ ಹೋಗುವುದಿತ್ತು. ಏಳರಿಂದ ಒಂಬತ್ತರ ಪಾಳಿಗೆ ನನ್ನನ್ನೊಬ್ಬಳನ್ನೇ ಬಿಟ್ಟು ಹೋಗಿದ್ದಳು. ನಿನ್ನ ಮೇಲೆ ನನಗೆ ನಂಬಿಕೆ ಇದೆ ಅಂದಿದ್ದಳು.

ನಿಯಮ ನೆನಪಿತ್ತು. ಅದು ಚಿಪ್ಸಿನ ಪಾಕೀಟು ಬಿಸಾಡುವವರಿಗೆ ಮಾಡಿದ ನಿಯಮ, ನನ್ನದು ನೈವೇದ್ಯ, ಎಂದುಕೊಂಡೆ. ಇದೇ ನನ್ನ ತಪ್ಪಿನ ಬೇರು. ಹಗ್ಗದೊಳಗೆ ಬೆರಳಷ್ಟೂ ಕಾಲಿಡದೆ, ಬಹಳ ಶಿಸ್ತಿನಿಂದ, ಹಗ್ಗದ ಹೊರಗಿನಿಂದಲೇ ನಾಲ್ಕೂ ಮೂಲೆಗೆ ಚರಗ ಚೆಲ್ಲಿದೆ. ಮರಿಗಳು ಹಾರಲಿ, ಸವಿತಾಳ ಹೆರಿಗೆ ಸುಸೂತ್ರವಾಗಲಿ ಎಂದು ಕೈ ಮುಗಿದೆ. ಒಂದು ಕಾಗೆ ಬಂತು, ನಮ್ಮದಕ್ಕಿಂತ ದೊಡ್ಡದು. ಮೊಸರನ್ನಕ್ಕೆ ಬಾಯಿ ಹಾಕಿತು. ಕಾಗೆ ಮುಟ್ಟಿದರೆ ಹಿರಿಯರು ಒಪ್ಪಿದಂತೆ. ತಂಗಿಯೇ ಬಂದಳೇನೋ ಎಂದು ನನ್ನ ಕಣ್ಣು ತುಂಬಿ ಬಂದವು.

ಕಣ್ಣು ಒರೆಸಿಕೊಳ್ಳುವುದರಲ್ಲಿ ಕಾಗೆ ಆರಾಗಿದ್ದವು. ಕಡಲಹಕ್ಕಿಗಳು ಕಿರುಚುತ್ತ ಇಳಿದವು. ತಾಯಿಹಕ್ಕಿ ರೆಕ್ಕೆ ಮುರಿದಂತೆ ನಟಿಸುತ್ತ ಮರಳಲ್ಲಿ ಹೊರಳಿ ಹೊರಳಿ ಅವನ್ನು ಬೇರೆ ಕಡೆ ಸೆಳೆಯಲು ನೋಡಿತು. ಒಂದು ಕಾಗೆ ಅದರತ್ತ ನೋಡಲೂ ಇಲ್ಲ. ಹಗ್ಗದೊಳಗೆ ಹಾರಿ, ಒಂದು ಮರಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಎದ್ದಿತು. ನಾನು ಚೀರಿದೆ, ಹಗ್ಗ ದಾಟಿ ಓಡಿದೆ, ಚಪ್ಪಲಿ ಎಸೆದೆ. ನಾಲ್ಕು ನಿಯಮಗಳಲ್ಲಿ ಒಂದನ್ನೂ ಉಳಿಸಲಿಲ್ಲ, ನಾಯಿಯೊಂದು ಇರಲಿಲ್ಲ ಅಷ್ಟೆ. ಇನ್ನೊಂದು ಮರಿ, ಮರಿಗಳು ಅಡಗಲೆಂದು ಜೋನ್‌ನವರು ಅಲ್ಲಿಟ್ಟಿದ್ದ ಮರದ ಪುಟ್ಟ ಗೂಡಿನೊಳಗೆ ಹೊಕ್ಕು ಬದುಕಿತು.

ಒಂಬತ್ತಕ್ಕೆ ಜೋನ್ ಬರುವವಳಿದ್ದಳು. ಇಲ್ಲಿಯವರೆಗಿನದನ್ನು ದಡ್ಡತನ ಎನ್ನಬಹುದು. ಇನ್ನು ಮುಂದಿನದಕ್ಕೆ ಆ ಹೆಸರೂ ಸಲ್ಲದು. ಚೆಲ್ಲಿದ್ದನ್ನೆಲ್ಲ ಬಾಚಿದೆ. ಡಬ್ಬಿಗೆ ಹಾಕಿಕೊಂಡು ಹೋದರೆ ಅವಳು ಕೇಳಿಯಾಳು ಎಂದು ಹಗ್ಗದ ಪಕ್ಕದಲ್ಲೇ ಮರಳಲ್ಲಿ ಗೇಣು ಆಳದ ತಗ್ಗು ತೋಡಿ ಎಲ್ಲವನ್ನೂ ಹೂತೆ. ಮೇಲೆ ಮರಳು ಎಳೆದು ಅಂಗೈಯಿಂದ ಸವರಿದೆ.

ಜೋನ್ ಬಂದಳು. ಕಾಗೆ ಒಯ್ದಿತು ಅಂದೆ. ಸುಳ್ಳಲ್ಲ. ಅವಳು ಸ್ವಲ್ಪ ಹೊತ್ತು ಸಮುದ್ರ ನೋಡಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದು, ನಿನ್ನ ತಪ್ಪಲ್ಲ, ನಿನ್ನೊಬ್ಬಳಿಂದ ಏನು ಮಾಡಲಾದೀತು ಎಂದು ಸಮಾಧಾನ ಮಾಡಿದಳು. ನನ್ನ ಉಗುರಿನ ಸಂದಿಯಲ್ಲಿ ಮರಳು ಹಾಗೇ ಇತ್ತು.

ಮರುದಿನ

ಬೆಳಿಗ್ಗೆ ಎಲ್ಲರೂ ದಂಡೆಯಲ್ಲಿ ಸೇರಿದ್ದರು. ಹಗ್ಗದ ಪಕ್ಕ ಮರಳು ಕೆದರಿ ಬಿದ್ದಿತ್ತು, ಸುತ್ತ ನರಿಯ ಹೆಜ್ಜೆಗಳು. ವಾಸನೆ ಹಿಡಿದು ಬಂದ ನರಿ ನಾನು ಹೂತದ್ದನ್ನು ಅಗೆದು ತಿಂದು, ಹಗ್ಗದೊಳಗೆ ಹೋಗಿತ್ತು. ಹೆಜ್ಜೆಗಳು ಆ ಮರದ ಗೂಡಿನವರೆಗೆ ಹೋಗಿ ನಿಂತಿದ್ದವು. ಎರಡನೆಯ ಮರಿಯೂ ಇರಲಿಲ್ಲ. ಹಕ್ಕಿಗಳೆರಡೂ ನೀರಿನಂಚಿನಲ್ಲಿ ಅತ್ತಿಂದಿತ್ತ ಓಡಾಡುತ್ತ ಸಣ್ಣಗೆ ಕರೆಯುತ್ತಿದ್ದವು.

ಮೊದಲನೆಯದು ಕಾಗೆಯ ಬಾಯಿಗೆ ಹೋದಾಗ ದುಃಖವಾಗಿತ್ತು. ಎರಡನೆಯದಕ್ಕೆ ನನಗಾದದ್ದು ನಾಚಿಕೆ, ಮೈ ಸುಡುವಂಥದ್ದು. ಅದನ್ನು ನಾನು ಚೆಲ್ಲಿದ ಚರಗ ಕೊಂದದ್ದಲ್ಲ, ಮುಚ್ಚಿಟ್ಟ ಚರಗ ಕೊಂದದ್ದು.

ಜೋನ್ ಬಗ್ಗಿ ಮರಳಿನಿಂದ ಹಿಟ್ಟಿನ ಒಂದು ತುಣುಕು ಎತ್ತಿದಳು. ಮೂಸಿದಳು. ಅವಳ ಮುಖ ಕೆಂಪಗಾಯಿತು. ನೇರ ಧಕ್ಕೆಯ ತುದಿಗೆ ನಡೆದಳು, ಹಿಂದೆ ನಾವೆಲ್ಲ. ಬಿಲ್ ಗಾಳ ಬಿಟ್ಟುಕೊಂಡು ಕೂತಿದ್ದ. ಎಲ್ಲರೆದುರಿಗೆ ಅವಳು ಅವನನ್ನು ಬಯ್ದಳು. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ನಿನ್ನ ಬ್ರೆಡ್ಡು ಎರಡು ಮರಿಗಳನ್ನು ಕೊಂದಿತು, ಇನ್ನು ನಿನ್ನನ್ನು ಇಲ್ಲಿ ಕೂಡಗೊಡದಂತೆ ದೂರು ಕೊಡುತ್ತೇನೆ ಎಂದಳು. ಅವನು ತಾನಲ್ಲ ಅಂದ. ನೀನು ಯಾವಾಗಲೂ ಹೀಗೇ ಹೇಳುವುದು ಎಂದಳು ಅವಳು. ಅವನು ಗಾಳ ಸುತ್ತತೊಡಗಿದ, ದಾರ ತೊಡಕಾಯಿತು. ನಾನು ಐದು ಹೆಜ್ಜೆ ದೂರದಲ್ಲಿ ನಿಂತು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಸಂಜೆ ಸವಿತಾಳಿಗೆ ಎಲ್ಲ ಹೇಳಿದೆ.

"ದೊಡ್ಡವ್ವ, ಹೇಳಬ್ಯಾಡ" ಅಂದಳು. "ನೀ ಮಾರ್ಚಿಗೆ ಊರಿಗೆ ಹೋಗ್ತಿ. ಇಲ್ಲೆ ಬಾಳ್ವೆ ಮಾಡೋರು ನಾವು. ನಾಳೆ ಆಸ್ಪತ್ರಿಗೆ ಬಂದ ಪೇಶಂಟು ನನ್ನ ಮಾರಿ ನೋಡಿ, ಹಕ್ಕಿ ಕೊಂದೋರ ಮನಿಯಾಕಿ ಅಂದ್ರ ಏನ್ ಮಾಡ್ಲಿ?"

"ಆ ಮುದುಕ ಏನ್ ಮಾಡ್ಯಾನ ಸವಿ? ಅವನ ಜಾಗಾ ಹೋಗ್ತೈತಿ."

"ನನಗ ಗೊತ್ತಿಲ್ಲ ಬೇ. ನನ್ನ ಕೇಳಬ್ಯಾಡ." ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒಳಗೆ ಹೋದಳು.

ಬಸುರಿ ಹುಡುಗಿಯ ಮಾತು ಮೀರುವುದೋ, ಆ ಮುದುಕನ ಜಾಗ ಕಳೆಯುವುದೋ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಸವಿತಾ ತಾನೇ ನನ್ನ ಚಪ್ಪಲಿ ತಂದು ಮುಂದಿಟ್ಟಳು. "ಹೋಗಿ ಬಾ. ನೀ ಹಿಂಗ ಮಾರಿ ಸಣ್ಣ ಮಾಡ್ಕೊಂಡು ಕುಂತ್ರ ನನ್ನ ಕೂಸು ಹುಟ್ಟೋದರ ಹೆಂಗ?" ಅಂದಳು.

ಧಕ್ಕೆ

ಜೋನ್ ಶೆಡ್ಡಿನಲ್ಲಿ ಗುದ್ದಲಿ ತೊಳೆಯುತ್ತಿದ್ದಳು. ದಾರಿಯುದ್ದಕ್ಕೂ ಉರು ಹೊಡೆದ ಇಂಗ್ಲಿಷಿನಲ್ಲಿ ಹೇಳಿದೆ. ಆಹಾರ ನನ್ನದು. ಚೆಲ್ಲಿದ್ದು ನಾನು. ಹೂತಿದ್ದು ನಾನು. ಬಿಲ್ ಅಲ್ಲ.

ಬಯ್ಯುತ್ತಾಳೆಂದು ಕಾದೆ. ಅವಳು ಕೈ ಒರೆಸಿಕೊಂಡು ಆ ದಪ್ಪ ನೋಟುಬುಕ್ಕು ತೆಗೆದಳು. ಎಷ್ಟು ಗಂಟೆಗೆ ಎಂದು ಕೇಳಿದಳು. ಏನೇನು ಆಹಾರ, ಎಷ್ಟು, ಯಾವ ಮೂಲೆಗೆ, ಹೂತದ್ದು ಎಷ್ಟು ಆಳ. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಯಾಕೆ ಎಂದು ಮಾತ್ರ ಕೇಳಲಿಲ್ಲ. ನಾನೇ ಚರಗದ ಅರ್ಥ ಹೇಳಲು ಹೋದೆ. ಕೈ ಎತ್ತಿ ತಡೆದಳು. ಹಳೆಯ ಪುಟದಲ್ಲಿ ಬಿಲ್‌ನ ಹೆಸರಿದ್ದ ಸಾಲನ್ನು ಹೊಡೆದು ಹಾಕಿ, ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಅದರ ಪಕ್ಕ ನನ್ನ ಹೆಸರು ಬರೆದೆ, ಗಿರಿಜಾ ಎಂದು. ಸಾವಿರಾರು ಸಲ ಹಾಜರಿ ಪುಸ್ತಕದಲ್ಲಿ ಬರೆದ ಹೆಸರು, ಅಕ್ಷರ ಸೊಟ್ಟಗಾದವು.

ಆಮೇಲೆ ಅವಳು ಧಕ್ಕೆಗೆ ಹೊರಟಳು. ನಾನೂ ಬರುತ್ತೇನೆ, ನಾನೇ ಕ್ಷಮೆ ಕೇಳುತ್ತೇನೆ ಅಂದೆ. ನೀನು ನಿನ್ನದು ಕೇಳು, ನನ್ನದು ನಾನು ಕೇಳಬೇಕು ಅಂದಳು. ಧಕ್ಕೆಯ ತುದಿಯಲ್ಲಿ ಆ ದೊಡ್ಡ ಹೆಂಗಸು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಳು. ಗಾಳಿಗೆ ಅವಳ ಬಿಳಿ ಕೂದಲು ಹಾರುತ್ತಿತ್ತು. ತಪ್ಪು ತಿಳಿದು ನಿನ್ನನ್ನು ಜನರೆದುರು ಅವಮಾನ ಮಾಡಿದೆ, ಜನರೆದುರೇ ಇದನ್ನೂ ಹೇಳುತ್ತೇನೆ ಅಂದಳು. ಬಿಲ್ ತಲೆ ಅಲ್ಲಾಡಿಸಿದ. ನಾನು ಕ್ಷಮೆ ಕೇಳಿದಾಗ ನನ್ನತ್ತ ಒಂದು ಸಲ ನೋಡಿ, ಮತ್ತೆ ನೀರಿನತ್ತ ತಿರುಗಿದ. ನಾನು ಮಾಡಿದ್ದಕ್ಕೆ ಎಪ್ಪತ್ತನಾಲ್ಕು ವರ್ಷದ ಹೆಂಗಸು ಟೋಪಿ ತೆಗೆದು ನಿಂತದ್ದನ್ನು ನೋಡಿದ ಮೇಲೆ ಯಾರಾದರೂ ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಮತ್ತೆ ದಂಡೆ

ಸವಿತಾಳಿಗೆ ಹೆಣ್ಣು ಕೂಸು ಹುಟ್ಟಿತು. ಎರೆಯುವುದು, ಕಾಸುವುದು, ಸಜ್ಜಕ ಮಾಡುವುದು, ಇದರಲ್ಲಿ ದಿನ ಹೋದದ್ದೇ ತಿಳಿಯಲಿಲ್ಲ. ತೋಟದ ಕಡೆ ನಾನು ಹೋಗಿರಲಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಜೋನ್ ಕೂಸಿಗೆ ಉಣ್ಣೆಯ ಕುಲಾಯಿ ಹೆಣೆದು ತಂದಳು. ಹೋಗುವಾಗ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಹಕ್ಕಿಗಳು ಮತ್ತೆ ಮೊಟ್ಟೆ ಇಟ್ಟಿದ್ದವು. ಹಾಳೆಯಲ್ಲಿ ಮುಂದಿನ ವಾರದ ಪಾಳಿಯ ಪಟ್ಟಿಯಿತ್ತು. ಶುಕ್ರವಾರದ ಬೆಳಗಿನ ಎದುರಿಗೆ ನನ್ನ ಹೆಸರು, ಪಕ್ಕದಲ್ಲಿ ಅವಳ ಹೆಸರು. ಉಳಿದವರೆಲ್ಲ ಒಬ್ಬೊಬ್ಬರೇ ಇದ್ದರು.

"ನೋಡು, ಮತ್ತ ಕರದಾಳ! ಎಲ್ಲಾ ಮರತ್ಲು ಬಿಡು" ಎಂದು ಸವಿತಾ ಖುಷಿಪಟ್ಟಳು.

ಶುಕ್ರವಾರ ಏಳಕ್ಕೆ ದಂಡೆಗೆ ಇಳಿದೆ. ಜೋನ್ ಹಗ್ಗದ ಹತ್ತಿರ ಕುರ್ಚಿಗಳನ್ನು ಬಿಡಿಸುತ್ತಿದ್ದಳು. ಅವಳು ಕೇಳುವ ಮೊದಲೇ ನನ್ನ ಕೈಚೀಲದ ಬಾಯಿ ಅಗಲಿಸಿ ಮುಂದೆ ಹಿಡಿದೆ. ನೀರಿನ ಬಾಟಲಿ, ಕನ್ನಡಕ, ಕರವಸ್ತ್ರ, ಅಷ್ಟೇ ಇದ್ದವು. ನಮ್ಮೂರಲ್ಲಾದರೆ ಎದುರಿನವರು "ಅಯ್ಯ, ಬಿಡ್ರಿ ಅಕ್ಕೋರ, ನಿಮ್ಮ ಚೀಲ ನೋಡೋದೇನ್ರಿ" ಎಂದು ಮುಖ ತಿರುಗಿಸುತ್ತಿದ್ದರು. ಅವಳೂ ಬೇಡವೆನ್ನಬಹುದು ಎಂಬ ಆಸೆ ನನಗೆ ಒಳಗೊಳಗೇ ಇತ್ತು.

ಜೋನ್ ಕುರ್ಚಿಯನ್ನು ಮರಳಿನ ಮೇಲಿಟ್ಟು ಹತ್ತಿರ ಬಂದಳು. ಬಗ್ಗಿ, ಕರವಸ್ತ್ರ ಎತ್ತಿ, ಚೀಲದ ತಳದವರೆಗೂ ನೋಡಿದಳು. ಆಮೇಲೆ ಕುರ್ಚಿ ತೋರಿಸಿ ನನಗೆ ಕೂಡಲು ಹೇಳಿದಳು.